1950ರ ಇಂಗ್ಲೆಂಡಿನ ಬೀದಿಮನೆ: ಹಿರಿಯರ ನೆನಪುಗಳನ್ನು ಬರೆದಿಡಲು ವಸ್ತುಗಳ ವಿವರ ಬೇಕು

ಹಾರ್ಲೋವಾಸಿ

ಎಲ್ಲರಿಗೂ ನಮಸ್ಕಾರ. ಲಂಡನ್ ಹತ್ತಿರದ ನಮ್ಮ ಹಾರ್ಲೋ ಊರಿನ ಹಿರಿಯರು ತಾವು ಬೆಳೆದ 1940-60ರ ಕಾಲದ ಬಗ್ಗೆ ಹೇಳುವುದನ್ನು ಧ್ವನಿಮುದ್ರಿಸಿ ಕನ್ನಡದಲ್ಲಿ ಬರೆದಿಡುವ ಕೆಲಸ ನಡೆಯುತ್ತಿದೆ. ನೆನಪುಗಳಿಗೆ ಬರವಿಲ್ಲ, ಆದರೆ ವಸ್ತುಗಳ ಹತ್ತಿರ ಬರವಣಿಗೆ ನಿಂತುಬಿಡುತ್ತದೆ. ಸೋಮವಾರ ಮಕ್ಕಳು ಅಡುಗೆಮನೆಗೆ ಕಾಲಿಡುವಂತಿರಲಿಲ್ಲ ಎನ್ನುತ್ತಾರೆ, ಯಾಕೆ? ಗ್ಯಾಸ್ ಮೀಟರಿನವನು ಬಂದರೆ ಮನೆಗೆ ದುಡ್ಡು ಬರುತ್ತಿತ್ತು ಎನ್ನುತ್ತಾರೆ, ಹೇಗೆ? ಶುಕ್ರವಾರವೇ ಸ್ನಾನ ಯಾಕೆ? ಪ್ರಿಫ್ಯಾಬ್, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಜೋಡಿಸಿದ ಮನೆ ಅಂದರೆ ಅರಮನೆ ಎನ್ನುವ ಹಾಗೆ ಹೊಗಳುತ್ತಾರೆ, ಅದರಲ್ಲಿ ಅಂಥದ್ದೇನಿತ್ತು? ಬಲ್ಲವರು ಅಳತೆ, ಭಾಗ, ಕ್ರಮ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಕೆಂಡಸಂಪಿಗೆ

ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ: ಕಲ್ಲಿದ್ದಲಿನ ಒಲೆ. ಇಡೀ ಮನೆಯಲ್ಲಿ ದಿನಾ ಉರಿಯುತ್ತಿದ್ದದ್ದು ಹೆಚ್ಚಾಗಿ ಒಂದೇ ಬೆಂಕಿ. ನೀರು ಕಾಯಬೇಕಾದರೂ ಅದೇ, ಬಟ್ಟೆ ಆರಬೇಕಾದರೂ ಅದೇ, ಮಕ್ಕಳು ಓದಲು ಕೂರಬೇಕಾದರೂ ಅದರ ಎದುರೇ. ಮಲಗುವ ಕೋಣೆಯಲ್ಲಿ ಒಲೆಗೂಡು ಇದ್ದರೂ ಯಾರಿಗಾದರೂ ಕಾಯಿಲೆಯಾದಾಗ ಮಾತ್ರ ಹೊತ್ತಿಸುತ್ತಿದ್ದರು. ಬೆಳಿಗ್ಗೆ ಕಿಟಕಿಯ ಗಾಜಿನ ಒಳಮೈಗೆ ಮಂಜುಗಡ್ಡೆ ಹೂವಿನಂತೆ ಹಬ್ಬಿರುತ್ತಿತ್ತು ಎಂದು ಹೇಳದ ಹಿರಿಯರೇ ಇಲ್ಲ, ಅದಕ್ಕೆ ಕಾರಣ ಇಷ್ಟೇ.

ಹೊತ್ತಿಸುವ ಕ್ರಮ ಹೀಗೆ. ಮೊದಲು ನಿನ್ನೆಯ ಬೂದಿಯನ್ನು ಕಂಬಿಗಳ ಸಂದಿಯಿಂದ ಕೆಳಗಿನ ತಟ್ಟೆಗೆ ಕೆದಕಿ ಇಳಿಸಬೇಕು. ಅರ್ಧ ಸುಟ್ಟು ಉಳಿದ ಗಟ್ಟಿಗಳನ್ನು ಜರಡಿ ಹಿಡಿದು ಎತ್ತಿಡಬೇಕು, ಅದನ್ನು ಎಸೆದವರು ಯಾರೂ ಇಲ್ಲ. ನಾಲ್ಕೈದು ಹಾಳೆ ದಿನಪತ್ರಿಕೆಯನ್ನು ಸುರುಳಿ ಸುತ್ತಿ ಗಂಟು ಹಾಕಿ ತಳಕ್ಕೆ, ಅದರ ಮೇಲೆ ಒಣ ಚಕ್ಕೆಗಳನ್ನು ಅಡ್ಡಡ್ಡ ಜೋಡಿಸಿ, ಅದರ ಮೇಲೆ ಕೋಳಿಮೊಟ್ಟೆ ಗಾತ್ರದ ಕಲ್ಲಿದ್ದಲು. ತಳದಲ್ಲಿ ಎರಡು ಮೂರು ಕಡೆ ಕಡ್ಡಿ ಗೀರಬೇಕು. ಹಿಡಿಯದಿದ್ದರೆ ಸಲಿಕೆಯನ್ನು ಒಲೆಯ ಬಾಯಿಗೆ ನೆಟ್ಟಗೆ ಆನಿಸಿ, ಅದರ ಮೇಲೆ ಪತ್ರಿಕೆಯ ಅಗಲ ಹಾಳೆ ಹರವಿ ಬಾಯಿ ಮುಚ್ಚುತ್ತಿದ್ದರು. ಮೇಲಿನಿಂದ ಗಾಳಿ ಸಿಗದೆ ಕಂಬಿಯ ಕೆಳಗಿನಿಂದ ಮಾತ್ರ ಎಳೆದುಕೊಳ್ಳುತ್ತದೆ, ಬೆಂಕಿ ಗುಂಯ್ ಎಂದು ಏಳುತ್ತದೆ. ಅನಾಹುತ ಆಗುತ್ತಿದ್ದದ್ದೂ ಇಲ್ಲೇ. ಹಾಳೆಯ ನಡುವೆ ಕಂದು ಕಲೆ ಕಂಡ ತಕ್ಷಣ ತೆಗೆಯಬೇಕು. ತಡಮಾಡಿದರೆ ಹಾಳೆ ಹೊತ್ತಿಕೊಂಡು ಚಿಮಣಿಯೊಳಗೆ ಹಾರಿ, ಒಳಗೋಡೆಗೆ ಅಂಟಿದ ಮಸಿಗೆ ಬೆಂಕಿ ತಗಲುತ್ತಿತ್ತು. ಅದಕ್ಕೇ ವರ್ಷಕ್ಕೆ ಒಂದೆರಡು ಸಲ ಚಿಮಣಿ ಗುಡಿಸಿಸುತ್ತಿದ್ದರು. ಗುಡಿಸಿದ ಮಸಿಯನ್ನು ಕೆಲವು ತಿಂಗಳು ಹಳತಾಗಲು ಬಿಟ್ಟು ತರಕಾರಿ ಪಾತಿಗೆ ಹಾಕುವ ರೂಢಿಯೂ ಇತ್ತು.

ರಾತ್ರಿ ಮಲಗುವ ಮುಂಚೆ ಕಲ್ಲಿದ್ದಲಿನ ಪುಡಿಯನ್ನು ನೀರಲ್ಲಿ ಕಲಸಿ ಕೆಂಡದ ಮೇಲೆ ಮುಚ್ಚಿದರೆ ಬೆಂಕಿ ಬೆಳಗಿನವರೆಗೂ ಒಳಗೊಳಗೇ ಉಳಿಯುತ್ತಿತ್ತು. ಪುಡಿ ಹೆಚ್ಚಾದರೆ ಉಸಿರುಕಟ್ಟಿ ಆರುತ್ತದೆ, ಕಡಿಮೆಯಾದರೆ ನಡುರಾತ್ರಿಗೇ ಉರಿದುಹೋಗುತ್ತದೆ.

ಹಂಡ್ರೆಡ್‌ವೇಟ್

ಕಲ್ಲಿದ್ದಲಿನ ಲೆಕ್ಕ ಸೇರಿಸುತ್ತೇನೆ. ಮೂಟೆ 1 ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್, ನಮ್ಮ ಲೆಕ್ಕದಲ್ಲಿ 50.8 ಕೆಜಿ. ಅಂಥ 20 ಮೂಟೆಗೆ ಒಂದು ಟನ್. ಬೆನ್ನಿಗೆ ಚರ್ಮದ ಕವಚ ಹಾಕಿಕೊಂಡ ಆಳು ಮೂಟೆ ಹೊತ್ತು ತಂದು ಹಿತ್ತಲಿನ ಗೂಡಿಗೆ ಸುರಿಯುತ್ತಿದ್ದ. ಹಳೆಯ ಲಂಡನ್ ಬೀದಿಗಳಲ್ಲಿ ಕಾಲುದಾರಿಯಲ್ಲೇ ಎರಕದ ಕಬ್ಬಿಣದ ದುಂಡು ಮುಚ್ಚಳ ಇರುತ್ತದೆ, ಅದನ್ನು ತೆಗೆದು ನೆಲಮಾಳಿಗೆಗೆ ನೇರ ಸುರಿಯುವುದು. ಆ ಮುಚ್ಚಳಗಳು ಈಗಲೂ ಕಾಣಸಿಗುತ್ತವೆ. ಖಾಲಿ ಚೀಲಗಳನ್ನು ಒಂದರ ಮೇಲೊಂದು ಹಾಕಿಸಿ, ಮನೆಯಾಕೆ ಅವನ್ನು ಎಣಿಸಿದ ಮೇಲೆಯೇ ದುಡ್ಡು. ಎಣಿಸುವ ಕೆಲಸ ಎಷ್ಟೋ ಮನೆಗಳಲ್ಲಿ ಮಕ್ಕಳದು. ಗಣಿಗಳು 1947ರ ಜನವರಿ 1ರಂದು ಸರ್ಕಾರದ ಕೈಗೆ ಬಂದವು, ಆದರೂ ಮನೆಬಳಕೆಯ ಕಲ್ಲಿದ್ದಲು ರೇಷನ್‌ನಿಂದ ಬಿಡುಗಡೆಯಾಗಿದ್ದು 1958ರಲ್ಲಿ. ಸಿಹಿತಿಂಡಿ, ಮಾಂಸ ಎಲ್ಲಾ ಬಿಡುಗಡೆಯಾಗಿ ವರ್ಷಗಳಾದ ಮೇಲೆ. ಇದನ್ನು ಬರೆಯುವಾಗ ಬಿಡಬೇಡಿ.

ನೀಲಿಪುಡಿ

ಸೋಮವಾರದ ಪ್ರಶ್ನೆ ನನಗಿರಲಿ.

ಭಾನುವಾರ ಮಧ್ಯಾಹ್ನ ಮಾಂಸದ ದೊಡ್ಡ ಊಟ. ಸೋಮವಾರ ಅದರಲ್ಲೇ ಉಳಿದ ತಣ್ಣನೆಯ ಮಾಂಸ, ಮಿಕ್ಕ ಆಲೂಗಡ್ಡೆ ಎಲೆಕೋಸನ್ನು ಒಟ್ಟಿಗೆ ಹುರಿದು ಊಟ ಮುಗಿಸುವುದು. ಆ ದಿನ ಒಲೆ, ಪಾತ್ರೆ, ನೆಲ, ಹೆಂಗಸಿನ ಕೈ, ಯಾವುದೂ ಅಡುಗೆಗೆ ಬಿಡುವಿಲ್ಲ. ಬಟ್ಟೆ ಒಗೆಯಲು ಸೋಮವಾರವೇ ಗೊತ್ತಾಗಿದ್ದಕ್ಕೆ ಈ ಮಿಕ್ಕ ಊಟವೂ ಒಂದು ಕಾರಣ.

ಭಾನುವಾರ ರಾತ್ರಿಯೇ ಬಿಳಿ ಬಟ್ಟೆಗಳನ್ನು ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ಬೆಂಕಿ. ಈ ಹಂಡೆ ನಮ್ಮ ಬಚ್ಚಲುಮನೆಯ ಹಂಡೆ ಒಲೆಯ ಹಾಗೆಯೇ: ಮೂಲೆಯಲ್ಲಿ ಇಟ್ಟಿಗೆ ಕಟ್ಟಿ, ಕೆಳಗೆ ಬೆಂಕಿಬಾಯಿ, ಮೇಲೆ ಮರದ ಮುಚ್ಚಳ. ಸುಮಾರು 10 ಗ್ಯಾಲನ್, ಅಂದರೆ 45 ಲೀಟರ್ ಹಿಡಿಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದಕ್ಕೆ ನಲ್ಲಿಯೇ ಇಲ್ಲ, ಬಕೆಟಿನಲ್ಲಿ ತುಂಬಿ, ಆಮೇಲೆ ಬಕೆಟಿನಲ್ಲೇ ಮೊಗೆದು ಖಾಲಿ ಮಾಡಬೇಕು. ನೀರು ಕುದಿಯಲು ಹೊತ್ತು ಹಿಡಿಯುತ್ತಿದ್ದುದರಿಂದ ಒಂದೇ ನೀರಿನಲ್ಲಿ ಸರದಿ ಪ್ರಕಾರ ಒಗೆತ: ಮೊದಲು ಬಿಳಿ ಹಾಸಿಗೆ ಬಟ್ಟೆ, ಮೇಜುಬಟ್ಟೆ ಕುದಿಸುವುದು, ನೀರು ಸ್ವಲ್ಪ ಆರಿದ ಮೇಲೆ ಬಣ್ಣದ್ದು, ಕೊನೆಗೆ ಕಾರ್ಖಾನೆಯ ಕೊಳೆಬಟ್ಟೆ. ಸೋಪಿನ ಗಟ್ಟಿಯನ್ನು ಚಾಕುವಿನಿಂದ ಹೆರೆದು ಹಾಕುತ್ತಿದ್ದರು. ಸೋಪೂ 1942ರಿಂದ 1950ರವರೆಗೆ ರೇಷನ್. ಲಂಡನ್ ಸುತ್ತಿನ ಸುಣ್ಣದ ಗಡಸು ನೀರಿನಲ್ಲಿ ಸೋಡಾ ಮೊದಲು ಹಾಕದೆ ಸೋಪು ಹಾಕಿದರೆ ನೊರೆ ಬರುವ ಬದಲು ಬೂದುಬಣ್ಣದ ಜಿಡ್ಡು ಕಟ್ಟಿ ಬಟ್ಟೆಗೆ ಕೂರುತ್ತದೆ. ಉತ್ತರದ ಮೆದುನೀರಿನ ಊರುಗಳಲ್ಲಿ ಈ ಕಾಟ ಕಡಿಮೆ. ಹಾಗಾಗಿ ಹೇಳುವವರು ಯಾವ ಊರಿನವರು ಎಂದು ಕೇಳಿಕೊಂಡು ಬರೆಯಿರಿ.

ಹಂಡೆಯಿಂದ ತೆಗೆದ ಬಟ್ಟೆ ಡಾಲಿ ಟಬ್‌ಗೆ. ಸತು ಲೇಪಿಸಿದ, ಏಣೇಣಾದ ಮೈಯ ಎತ್ತರದ ತಗಡಿನ ಪೀಪಾಯಿ ಅದು. ಕುಟ್ಟಲು ಎರಡು ಬಗೆಯ ಸಾಧನ: ಮೂರುಕಾಲಿನ ಮಣೆಯಂಥ ಬುಡವಿದ್ದು ಎಡಕ್ಕೂ ಬಲಕ್ಕೂ ತಿರುಗಿಸುವ ಮರದ ಡಾಲಿ, ಅಥವಾ ತೂತುಗಳಿರುವ ತಾಮ್ರದ ಗಂಟೆಯನ್ನು ಕೋಲಿಗೆ ಸಿಕ್ಕಿಸಿದ ಪಾಸರ್. ಆಮೇಲೆ ಎರಡು ಜಾಲು ತಣ್ಣೀರು, ಕೊನೆಯ ಜಾಲಿಗೆ ನೀಲಿ. ನೀಲಿಯ ಗಟ್ಟಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ, ನೀರು ತಿಳಿ ಆಕಾಶದ ಬಣ್ಣಕ್ಕೆ ಬರುವವರೆಗೆ ಹಿಂಡುವುದು. ಬಟ್ಟೆ ಹಾಕಿದ ಮೇಲೆ ಆಡಿಸುತ್ತಲೇ ಇರಬೇಕು, ನಿಲ್ಲಲು ಬಿಟ್ಟರೆ ಮಡಿಕೆಗಳಲ್ಲಿ ಪಟ್ಟೆ ಬೀಳುತ್ತದೆ. ಹಲ್ ನಗರದ ರೆಕಿಟ್ ಕಂಪನಿಯ ನೀಲಿ ಆಗ ಮನೆಮನೆಯ ಮಾತು. ನಮ್ಮ ಕಡೆ ಬಿಳಿ ಪಂಚೆಗೆ ಹಾಕುತ್ತಿದ್ದ ರಾಬಿನ್ ನೀಲಿಯೂ ಅದೇ ಕಂಪನಿಯದು.

ಕೊನೆಗೆ ಮ್ಯಾಂಗಲ್, ಅಂದರೆ ಬಟ್ಟೆಯ ನೀರು ಹಿಂಡುವ ಯಂತ್ರ. ಎರಕದ ಕಬ್ಬಿಣದ ಚೌಕಟ್ಟು, ಎರಡು ಮರದ ಉರುಳೆ, ಪಕ್ಕದಲ್ಲಿ ಹಿಡಿಚಕ್ರ, ಒತ್ತಡಕ್ಕೆ ನೆತ್ತಿಯಲ್ಲಿ ತಿರುಪು. ಗುಂಡಿಗಳನ್ನು ಒಳಕ್ಕೆ ಮಡಚಿ ಕೊಡದಿದ್ದರೆ ಪುಡಿಯಾಗುತ್ತವೆ. ಮಗುವೊಂದು ಚಕ್ರ ತಿರುಗಿಸುವಾಗ ಇನ್ನೊಂದು ಬಟ್ಟೆ ತೂರಿಸಿದರೆ ಬೆರಳು ಜಜ್ಜಿಹೋಗುತ್ತಿತ್ತು. ಒಂದು ಕಡೆ ಕುದಿನೀರು, ಇನ್ನೊಂದು ಕಡೆ ಹಲ್ಲುಗಾಲಿ, ನೆಲವೆಲ್ಲ ಸೋಪು. ಮಕ್ಕಳನ್ನು ಅಡುಗೆಮನೆಯಿಂದ ಹೊರಗಟ್ಟುತ್ತಿದ್ದದ್ದು ಇದಕ್ಕೇ.

ಉತ್ತರದ ಇಟ್ಟಿಗೆ

ನೀಲಿಪುಡಿ ಅವರ ಮಾತಿಗೆ ಒಂದು ಸೇರ್ಪಡೆ. ಲೀಡ್ಸ್, ಬರ್ಮಿಂಗ್‌ಹ್ಯಾಮ್‌ನ ಬೆನ್ನಿಗೆ ಬೆನ್ನು ಅಂಟಿದ ಮನೆಗಳಿಗೆ ಹಿತ್ತಲೇ ಇಲ್ಲ. ಮೂರು ಕಡೆ ಪಕ್ಕದವರ ಗೋಡೆ, ಕಿಟಕಿ ಬಾಗಿಲು ಮುಂಭಾಗಕ್ಕೆ ಮಾತ್ರ. ಲೀಡ್ಸ್‌ನಲ್ಲಿ ಬಟ್ಟೆ ಒಣಗಿಸುವ ಹಗ್ಗ ಬೀದಿಗೆ ಅಡ್ಡಲಾಗಿ ಈ ಮನೆಯಿಂದ ಆ ಮನೆಗೆ. ಸೋಮವಾರ ಕಲ್ಲಿದ್ದಲಿನ ಗಾಡಿ ಬೀದಿಗೆ ಬಂತೆಂದರೆ ಹೆಂಗಸರೆಲ್ಲ ಓಡಿಬಂದು ಕೋಲು ಕೊಟ್ಟು ಹಗ್ಗ ಎತ್ತಬೇಕು. ಗಾಳಿ ಕಾರ್ಖಾನೆಯ ಕಡೆಯಿಂದ ಬೀಸಿದರೆ ಒಗೆದದ್ದಕ್ಕೆಲ್ಲ ಮಸಿಯ ಚುಕ್ಕೆ. ಬರ್ಮಿಂಗ್‌ಹ್ಯಾಮ್‌ನ ಹರ್ಸ್ಟ್ ಸ್ಟ್ರೀಟ್‌ನಲ್ಲಿ ಇಂಥ ಮನೆಗಳ ಒಂದು ಗುಂಪನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಉಳಿಸಿಕೊಂಡಿದೆ. ಅಂಗಳ, ಸಾಮೂಹಿಕ ಒಗೆತದ ಕೋಣೆ, ಹೊರಗಿನ ಪಾಯಿಖಾನೆ ಎಲ್ಲವನ್ನೂ ನೋಡಬಹುದು. ಒಗೆತದ ಕೋಣೆ ಹಲವು ಮನೆಗಳಿಗೆ ಒಂದೇ, ಆದ್ದರಿಂದ ಅಲ್ಲಿ ಎಲ್ಲರಿಗೂ ಸೋಮವಾರ ಸಿಗುತ್ತಿರಲಿಲ್ಲ. ಸರದಿ ಇತ್ತು.

ಹೊರಗಿನ ಪಾಯಿಖಾನೆಗೆ ಚಳಿಗಾಲದಲ್ಲಿ ಸಣ್ಣ ಸೀಮೆಎಣ್ಣೆ ದೀಪ ಹಚ್ಚಿಡುತ್ತಿದ್ದರು. ಅದು ಬೆಳಕಿಗಿಂತ ಹೆಚ್ಚಾಗಿ ತೊಟ್ಟಿ, ಕೊಳವೆ ಹೆಪ್ಪುಗಟ್ಟದಿರಲಿ ಎಂದು.

ಹಾರ್ಲೋವಾಸಿ

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಧನ್ಯವಾದ. ಮೀಟರ್, ಸ್ನಾನದ ವಿಷಯ ಯಾರಾದರೂ ಹೇಳುವಿರಾ?

ಹಂಡ್ರೆಡ್‌ವೇಟ್

ಮೀಟರ್ ಹೇಳುತ್ತೇನೆ. ಪೆನ್ನಿ ಅಥವಾ ಶಿಲ್ಲಿಂಗ್ ನಾಣ್ಯವನ್ನು ಸಂದಿಗೆ ಹಾಕಿ ಹಿಡಿ ತಿರುಗಿಸಿದರೆ ಅಷ್ಟು ಬೆಲೆಯ ಗ್ಯಾಸ್ ಬಿಡುತ್ತದೆ. ಮುಗಿದರೆ ಒಲೆ ಸಣ್ಣಗಾಗಿ ಆರುತ್ತದೆ. ಹೊಸ ನಾಣ್ಯ ಹಾಕುವ ಮೊದಲು ಒಲೆಯ ತಿರುಪುಗಳನ್ನೆಲ್ಲ ಮುಚ್ಚಲೇಬೇಕು, ಇಲ್ಲದಿದ್ದರೆ ಹೊತ್ತಿಸದ ಗ್ಯಾಸ್ ಕೋಣೆ ತುಂಬುತ್ತದೆ. ಆಗಿನದು ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದುದರಿಂದ ಬೆಂಕಿ ತಗಲದಿದ್ದರೂ ಪ್ರಾಣ ತೆಗೆಯುತ್ತಿತ್ತು. ನೈಸರ್ಗಿಕ ಅನಿಲಕ್ಕೆ ದೇಶದ ಒಲೆಗಳನ್ನೆಲ್ಲ ಬದಲಾಯಿಸಿದ್ದು 1967ರಿಂದ 1977ರ ನಡುವೆ.

ದುಡ್ಡು ವಾಪಸು ಬರುತ್ತಿದ್ದದ್ದು ಹೀಗೆ: ಮೀಟರಿನ ದರವನ್ನು ನಿಜವಾದ ದರಕ್ಕಿಂತ ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಿದ್ದರು. ವಸೂಲಿಯವನು ಬಂದು ಪೆಟ್ಟಿಗೆ ತೆರೆದು, ಅಡುಗೆಮನೆಯ ಮೇಜಿನ ಮೇಲೆ ನಾಣ್ಯ ಸುರಿದು, ಗುಪ್ಪೆ ಮಾಡಿ ಎಣಿಸಿ, ಹೆಚ್ಚಾದದ್ದನ್ನು ಅಲ್ಲೇ ತಿರುಗಿ ಕೊಡುತ್ತಿದ್ದ. ಮಕ್ಕಳ ಕಣ್ಣಿಗೆ ಅದು ಬಂದ ದುಡ್ಡು. ಅಸಲಿಗೆ ಅದು ತಾವೇ ಮುಂಚೆ ಹೆಚ್ಚಿಗೆ ಕೊಟ್ಟದ್ದು.

ಬರೆಯುವಾಗ ಹಣದ ಲೆಕ್ಕ ತಪ್ಪದಿರಲಿ. 12 ಪೆನ್ನಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್, ಒಟ್ಟು 240 ಪೆನ್ನಿ. 7 ಪೆನ್ನಿಯ ವಸ್ತು 5 ಕೊಂಡರೆ 35 ಪೆನ್ನಿ, ಅಂದರೆ 2 ಶಿಲ್ಲಿಂಗ್ 11 ಪೆನ್ನಿ, ಬರೆಯುವುದು 2/11 ಎಂದು. ಇದನ್ನು ಭಿನ್ನರಾಶಿ ಎಂದು ಓದಬಾರದು. ಕಾಲು ಪೆನ್ನಿಯ ಫಾರ್ದಿಂಗ್ 1960ರ ಕೊನೆಗೆ ಚಲಾವಣೆಯಿಂದ ಹೋಯಿತು. ದಶಮಾನ ಪದ್ಧತಿ ಬಂದದ್ದು 1971ರ ಫೆಬ್ರವರಿ 15ಕ್ಕೆ, ನಮ್ಮಲ್ಲಿ ಆಣೆ ಪೈ ಹೋಗಿ ನಯಾಪೈಸೆ ಬಂದು ಸುಮಾರು 14 ವರ್ಷ ಆಗಿತ್ತು.

ಕೆಂಡಸಂಪಿಗೆ

ಸ್ನಾನದ ಮನೆ ಇಲ್ಲದ ಕಡೆ ಗೋಡೆಯ ಮೊಳೆಗೆ ನೇತುಹಾಕಿದ ತಗಡಿನ ತೊಟ್ಟಿಯನ್ನು ಒಲೆಯ ಮುಂದೆ ತಂದಿಟ್ಟು ಎಲ್ಲರೂ ಒಂದೇ ನೀರಿನಲ್ಲಿ ಸರದಿಯಂತೆ ಮೀಯುವುದು, ನಡುನಡುವೆ ಒಂದೊಂದು ಕೆಟಲ್ ಬಿಸಿನೀರು ಸೇರಿಸುವುದು. ಅಷ್ಟು ನೀರು ಕಾಯಿಸಿ, ಹೊತ್ತು, ಮತ್ತೆ ಹೊರಗೆ ಚೆಲ್ಲಬೇಕಾದ್ದರಿಂದ ವಾರಕ್ಕೊಮ್ಮೆಯೇ ಸಾಕೆನಿಸುತ್ತಿತ್ತು. ಕೆಲವರದು ಶುಕ್ರವಾರ, ಕೆಲವರದು ಶನಿವಾರ.

ಯುದ್ಧದ ನಂತರದ ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುತ್ತಿದ್ದ ಮನೆಗಳಲ್ಲಿ, ಇದು ಬದಲಾಯಿತು. ಒಲೆಯ ಬೆನ್ನಿಗೆ ನೀರು ತುಂಬಿದ ಕಬ್ಬಿಣದ ಪೆಟ್ಟಿಗೆ, ಅದೇ ಬ್ಯಾಕ್ ಬಾಯ್ಲರ್. ಕಾದ ನೀರು ಹಗುರಾಗಿ ತಾನೇ ಮೇಲೇರಿ ಮಹಡಿಯ ಬೀರುವಿನಲ್ಲಿದ್ದ ತಾಮ್ರದ ಸಿಲಿಂಡರಿಗೆ ಹೋಗುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪಿನ ಹಂಗಿಲ್ಲ. ಹೊಗೆದಾರಿಯನ್ನು ತಿರುಗಿಸುವ ತಗಡಿನ ಕದಕ್ಕೆ ಡ್ಯಾಂಪರ್ ಎನ್ನುತ್ತಾರೆ, ಅದರ ಸರಳು ಎಳೆದರೆ ಮಾತ್ರ ಜ್ವಾಲೆ ಬಾಯ್ಲರಿನ ಕಡೆ ತಿರುಗುತ್ತದೆ, ಹಾಗೆ ಬಿಟ್ಟರೆ ಕೋಣೆ ಬೆಚ್ಚಗಾಗುತ್ತದೆ, ನೀರು ಕಾಯುವುದಿಲ್ಲ. ಸ್ನಾನದ ದಿನ ಯಾರಾದರೂ ಡ್ಯಾಂಪರ್ ತಳ್ಳಿದರೆ ಮನೆಯಲ್ಲಿ ಜಗಳವೇ.

ಇದರಲ್ಲೊಂದು ನಿಜವಾದ ಅಪಾಯ ಇತ್ತು. ಅಟ್ಟದ ತೊಟ್ಟಿಯಿಂದ ಬರುವ ಕೊಳವೆಯೂ, ಉಗಿ ಬಿಡುವ ಕೊಳವೆಯೂ ಎರಡೂ ಹೆಪ್ಪುಗಟ್ಟಿದ್ದಾಗ ಒಲೆ ಹೊತ್ತಿಸಿದರೆ ಒತ್ತಡ ಹೋಗಲು ದಾರಿಯಿಲ್ಲದೆ ಬಾಯ್ಲರ್ ಸಿಡಿಯಬಹುದು. ಭಾರೀ ಹಿಮ ಬಿದ್ದ ವಾರ ಹಿರಿಯರು ಒಲೆ ಹೊತ್ತಿಸದೆ ಕೋಟು ಹಾಕಿಕೊಂಡು ಕೂತಿದ್ದರು ಎಂಬ ಮಾತು ಬಂದರೆ ಅದು ಜಿಪುಣತನ ಅಲ್ಲ, ಈ ಭಯವೂ ಇರಬಹುದು. ಕೇಳಿ ನೋಡಿ.

ಪ್ಲಾನ್‌ಹಾಳೆ

ಪ್ರಿಫ್ಯಾಬ್ ಅರಮನೆ ಯಾಕೆ ಎಂದು ಕೇಳಿದಿರಿ. ಮೇಲಿನದೆಲ್ಲ ಓದಿದ ಮೇಲೆ ನಿಮಗೇ ಗೊತ್ತಾಗಿರಬೇಕು. 1944ರ ತಾತ್ಕಾಲಿಕ ವಸತಿ ಕಾಯಿದೆಯಡಿ 1949ರೊಳಗೆ ದೇಶಾದ್ಯಂತ ಕಟ್ಟಿದ್ದು 1,56,623. ಸುಮಾರು 635 ಚದರಡಿ, ಎರಡು ಮಲಗುವ ಕೋಣೆ, ಒಂದೇ ಅಂತಸ್ತು, ಸುತ್ತ ತೋಟ. ಅಡುಗೆಮನೆ, ಸ್ನಾನದ ಮನೆಗಳ ನಡುವಿನ ಗೋಡೆಯಲ್ಲೇ ಕೊಳವೆಗಳನ್ನೆಲ್ಲ ಸೇರಿಸಿದ ಒಂದು ಘಟಕ ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತಿತ್ತು. ಆ ಒಂದು ಘಟಕದಿಂದ ಬಿಸಿನೀರು, ಒಳಗಿನ ಪಾಯಿಖಾನೆ, ಸ್ನಾನದ ತೊಟ್ಟಿ, ಒಲೆ, ಸಾಲದ್ದಕ್ಕೆ ಫ್ರಿಜ್ ಕೂಡ. ಬೇರೆಯವರೆಲ್ಲ ಉತ್ತರ ದಿಕ್ಕಿನ ಗೋಡೆಗೆ ಕಲ್ಲುಹಾಸು, ಕಿಟಕಿಗೆ ನೊಣದ ಜಾಲರಿ ಇದ್ದ ಉಗ್ರಾಣದಲ್ಲಿ ಹಾಲು ಬೆಣ್ಣೆ ಇಡುತ್ತಿದ್ದ ಕಾಲ ಅದು. ಬೇರೆ ಬೀದಿಯ ಮಕ್ಕಳು ಫ್ರಿಜ್ ನೋಡಲು ಬರುತ್ತಿದ್ದರೆಂದರೆ ಅಚ್ಚರಿಯಿಲ್ಲ.

ಮಾದರಿಗಳು ಹಲವು. ಯುನಿಸೆಕೊ ಮರದ ಚೌಕಟ್ಟಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಹಲಗೆ. ಆರ್ಕಾನ್ ಉಕ್ಕಿನ ಚೌಕಟ್ಟು. ಅಲ್ಯೂಮಿನಿಯಂ ಮಾದರಿ ವಿಮಾನ ಕಾರ್ಖಾನೆಗಳಲ್ಲಿ ತಯಾರಾಗಿ ನಾಲ್ಕು ಲಾರಿಗಳಲ್ಲಿ ನಾಲ್ಕು ತುಂಡಾಗಿ ಬರುತ್ತಿತ್ತು, ಅಡಿಪಾಯದ ಮೇಲೆ ಇಳಿಸಿ ಬೋಲ್ಟ್ ಬಿಗಿಯುವುದೇ ಕೆಲಸ. ಆಯುಸ್ಸು ಹತ್ತು ವರ್ಷ ಎಂದು ಲೆಕ್ಕ ಹಾಕಿದ್ದರು, ಎಷ್ಟೋ ಮನೆಗಳು ಅರ್ಧ ಶತಮಾನ ದಾಟಿದವು. ಲಂಡನ್ನಿನ ಕ್ಯಾಟ್‌ಫರ್ಡ್‌ನ ಎಕ್ಸ್‌ಕ್ಯಾಲಿಬರ್ ಬಡಾವಣೆಯಲ್ಲಿ 187 ಇದ್ದವು, ಅವುಗಳಲ್ಲಿ 6ಕ್ಕೆ 2009ರಲ್ಲಿ ಸಂರಕ್ಷಿತ ಕಟ್ಟಡದ ಮಾನ್ಯತೆ ಸಿಕ್ಕಿತು. ದೋಷವೂ ಇತ್ತು: ಗೋಡೆ ತೆಳು, ಚಳಿಗಾಲದಲ್ಲಿ ಒಳಗೋಡೆಯಲ್ಲಿ ನೀರಿಳಿಯುತ್ತಿತ್ತು, ಬೇಸಿಗೆಯಲ್ಲಿ ಧಗೆ.

ನಿಮ್ಮ ಹಾರ್ಲೋ ಬೇರೆ ಕಥೆ. 1946ರ ನ್ಯೂ ಟೌನ್ಸ್ ಕಾಯಿದೆಯ ಊರು, 1947ರಲ್ಲಿ ಘೋಷಣೆ, ಯೋಜನೆ ಫ್ರೆಡರಿಕ್ ಗಿಬರ್ಡ್ ಅವರದು. ಮಕ್ಕಳು ನಡೆದೇ ಹೋಗುವಷ್ಟು ಹತ್ತಿರ ಪ್ರಾಥಮಿಕ ಶಾಲೆ, ಬಡಾವಣೆಗಳ ನಡುವೆ ಹಸಿರುಪಟ್ಟಿ. ಮನೆ ಸಿಗಬೇಕಾದರೆ ಸಾಮಾನ್ಯವಾಗಿ ಆ ಊರಿನಲ್ಲೇ ಕೆಲಸ ಸಿಕ್ಕಿರಬೇಕಿತ್ತು. ಹಾಗಾಗಿ ಬಂದವರೆಲ್ಲ ಎಳೆಯ ದಂಪತಿಗಳು, ಬೀದಿ ತುಂಬ ಒಂದೇ ವಯಸ್ಸಿನ ಮಕ್ಕಳು, ಅಜ್ಜ ಅಜ್ಜಿಯರು ಲಂಡನ್ನಿನಲ್ಲೇ. ಅಜ್ಜಿಯ ಮನೆಗೆ ಹೋಗುವುದು ಎಂದರೆ ರೈಲು, ಬಸ್ಸು ಎಂಬ ನೆನಪು ಅಲ್ಲಿ ಜಾಸ್ತಿ.

ಉತ್ತರದ ಇಟ್ಟಿಗೆ

ಇಸವಿ ಸರಿಪಡಿಸಿಕೊಳ್ಳಲು ಕೆಲವು ಗೂಟಗಳು. ಹಿರಿಯರು ಹೆಚ್ಚಾಗಿ ಅದಲುಬದಲು ಮಾಡುವುದು ಎರಡು ಚಳಿಗಾಲಗಳನ್ನು. ಕರೆಂಟ್ ಕಡಿತ, ಕಾರ್ಖಾನೆಗಳಿಗೆ ರಜೆ, ಕಲ್ಲಿದ್ದಲಿಗೆ ತಳ್ಳುಗಾಡಿ ಹಿಡಿದು ಸಾಲು, ಕೊನೆಗೆ ಮಾರ್ಚ್‌ನಲ್ಲಿ ಪ್ರವಾಹ ಎಂದರೆ 1947. ಕ್ರಿಸ್‌ಮಸ್ ಮಾರನೇ ದಿನದ ಹಿಮ ಮಾರ್ಚ್‌ವರೆಗೂ ಕರಗಲಿಲ್ಲ, ಮನೆಯಲ್ಲಿ ಟಿವಿ ಇತ್ತು ಎಂದರೆ 1962-63.

ಸಿಹಿತಿಂಡಿ 1949ರ ಏಪ್ರಿಲ್‌ನಲ್ಲಿ ರೇಷನ್‌ನಿಂದ ಬಿಟ್ಟರು. ಜನ ಮುಗಿಬಿದ್ದು ಅಂಗಡಿ ಖಾಲಿಯಾಗಿ ಆಗಸ್ಟ್‌ನಲ್ಲಿ ಮತ್ತೆ ಕೂಪನ್. ಪೂರ್ತಿ ಬಿಟ್ಟದ್ದು 1953ರ ಫೆಬ್ರವರಿ 5. ಆದ್ದರಿಂದ ಕೂಪನ್ ಹೋದ ದಿನ ಎಂದರೆ ಯಾವುದು ಎಂದು ಕೇಳಬೇಕು. ಮಾಂಸ 1954ರ ಜುಲೈವರೆಗೆ. ಮಾಂಸದ ರೇಷನ್ ತೂಕದ ಮೇಲಲ್ಲ, ಬೆಲೆಯ ಮೇಲೆ. ಅದಕ್ಕೇ ಅಗ್ಗದ ಗಡಸು ತುಂಡು ತಂದು ಗಂಟೆಗಟ್ಟಲೆ ಬೇಯಿಸುತ್ತಿದ್ದರು, ಅದೇ ದುಡ್ಡಿಗೆ ಹೆಚ್ಚು ಬರುತ್ತಿತ್ತು.

ಶಾಲೆಯ ಹಾಲು 1946ರಿಂದ ಎಲ್ಲ ಮಕ್ಕಳಿಗೂ ಉಚಿತ, ದಿನಕ್ಕೆ ಮೂರನೇ ಒಂದು ಪಿಂಟ್, 189 ಮಿಲಿ. ಚಳಿಯಲ್ಲಿ ಹಾಲು ಹೆಪ್ಪುಗಟ್ಟಿ ಉಬ್ಬಿ ಮುಚ್ಚಳ ಎತ್ತುತ್ತಿತ್ತು, ಅದನ್ನು ಕರಗಿಸಲು ಬಿಸಿಕೊಳವೆಯ ಹತ್ತಿರ ಇಟ್ಟರೆ ಉಗುರುಬೆಚ್ಚಗಿನ ವಾಸನೆ ಹಾಲು. ಆ ತಲೆಮಾರಿನ ಎಷ್ಟೋ ಜನ ಇವತ್ತಿಗೂ ಬರೀ ಹಾಲು ಕುಡಿಯದಿರುವುದಕ್ಕೆ ಇದೇ ಕಾರಣ ಕೊಡುತ್ತಾರೆ.

ಕೆಂಡಸಂಪಿಗೆ

ಹೊಗೆಮಂಜನ್ನು ಬಿಡಬಾರದು. ಅಷ್ಟೂ ಒಲೆಗಳ ಬೆಲೆ ಅಲ್ಲಿ ತೆತ್ತದ್ದು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿಯಾಡದೆ ಲಂಡನ್ ಮೇಲೆ ಹೊಗೆ ನಿಂತಿತು. ಆಗಿನ ಲೆಕ್ಕದಲ್ಲೇ ಸುಮಾರು 4,000 ಜನ ಹೆಚ್ಚಿಗೆ ಸತ್ತರು, ನಂತರದ ಅಧ್ಯಯನಗಳು 12,000ದವರೆಗೂ ಹೇಳುತ್ತವೆ. ಒಳ್ಳೆಯ ಕಲ್ಲಿದ್ದಲು ರೇಷನ್‌ನಲ್ಲಿದ್ದು, ಪುಡಿ ಬೆರೆತ ಕೀಳು ಕಲ್ಲಿದ್ದಲು ಮಾತ್ರ ಅದೇ ತಿಂಗಳಿನಿಂದ ಬೇಕಾದಷ್ಟು ಸಿಗುತ್ತಿತ್ತು. 1956ರ ಕ್ಲೀನ್ ಏರ್ ಕಾಯಿದೆ ಬಂದು, ಹೊಗೆ ನಿಯಂತ್ರಣ ವಲಯ ಎಂದು ಘೋಷಿಸಿದ ಕಡೆ ಒಲೆ ಬದಲಾಯಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಆಡಳಿತ ಕೊಡಬೇಕಾಯಿತು. ಅಲ್ಲಿ ಕಲ್ಲಿದ್ದಲಿನ ಬದಲು ಉರಿಸುತ್ತಿದ್ದ, ಹೊಗೆಯಿಲ್ಲದ ಇಂಧನವಾದ ಕೋಕ್ ಹೊತ್ತಿಸಲು ಕಾಗದ ಚಕ್ಕೆ ಸಾಲದು, ಗ್ಯಾಸಿನ ಉರಿಕೊಳವೆ ಬೇಕು. ಮನೆಯಲ್ಲಿ ಅಂಥ ಕೊಳವೆಯ ನೆನಪಿದ್ದರೆ ಅದು 1956ರ ನಂತರದ್ದಿರಬಹುದು, ಇಸವಿ ಕೇಳಿ ನೋಡಿ.

ಮಾರ್ಷಲ್ ಬೀದಿ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಲೇಬೇಕು. ಆ ಬೀದಿಗಳಲ್ಲಿ ನಮ್ಮ ಉಪಖಂಡದ ಮಕ್ಕಳೂ ಬೆಳೆದರು. 1948ರ ಪೌರತ್ವ ಕಾಯಿದೆಯಡಿ ಬಂದವರಿಗೆ ಕೌನ್ಸಿಲ್ ಮನೆ ಸುಲಭಕ್ಕೆ ಸಿಗುತ್ತಿರಲಿಲ್ಲ, ಇಷ್ಟು ವರ್ಷ ಅದೇ ಊರಿನಲ್ಲಿ ಇದ್ದಿರಬೇಕು ಎಂಬ ನಿಯಮ ಅಡ್ಡ ಬರುತ್ತಿತ್ತು. ಬಾಡಿಗೆ ಕೋಣೆಗಳ ಕಿಟಕಿಯಲ್ಲೇ ಬಣ್ಣದವರಿಗೆ ಇಲ್ಲ ಎಂಬ ಚೀಟಿ. ಹಾಗಾಗಿ ನಾಲ್ಕಾರು ಜನ ಕೈಗಡ ಕೂಡಿಸಿ ಹಳೆಯ ಸಾಲುಮನೆ ಕೊಂಡು, ಕೋಣೆಗೆ ಹಲವರಂತೆ ಇದ್ದರು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನ ಮಾರ್ಷಲ್ ಸ್ಟ್ರೀಟ್‌ನಲ್ಲಿ ಖಾಲಿ ಮನೆಗಳನ್ನು ಕೌನ್ಸಿಲ್ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕೆಂಬ ಪ್ರಯತ್ನ 1964-65ರಲ್ಲಿ ನಡೆಯಿತು, ಅದನ್ನು ನೋಡಲು ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ 1965ರ ಫೆಬ್ರವರಿಯಲ್ಲಿ ಬಂದಿದ್ದರು. ಮನೆ ಕೊಡುವುದರಲ್ಲಿ ಜನಾಂಗಭೇದ ಕಾನೂನುಬಾಹಿರವಾದದ್ದು 1968ರಲ್ಲಿ. ಧ್ವನಿಮುದ್ರಣದ ಪಟ್ಟಿಯಲ್ಲಿ ಈ ಮನೆಗಳ ಮಕ್ಕಳನ್ನೂ ಸೇರಿಸಿ. ಅದೇ ಒಲೆ, ಅದೇ ಮೀಟರ್, ಆದರೆ ಮೀಟರಿಗೆ ಯಾರು ನಾಣ್ಯ ಹಾಕಬೇಕು ಎಂಬ ಲೆಕ್ಕ ಬೇರೆ.

ಹಾರ್ಲೋವಾಸಿ

ಖಂಡಿತ ಸೇರಿಸುತ್ತೇವೆ, ಇದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಕೊನೆಯದಾಗಿ ಒಂದು. ಇಂಥ ಮನೆಗಳಲ್ಲಿ ಈಗ ಇರುವ ಕನ್ನಡಿಗರು ಕೇಳುತ್ತಿರುತ್ತಾರೆ: ಒಲೆ ಮುಚ್ಚಿ ಎಷ್ಟೋ ವರ್ಷವಾದರೂ ಚಿಮಣಿ ಗೋಡೆಯಲ್ಲಿ ಕಂದು ಕಲೆ ಮತ್ತೆ ಮತ್ತೆ ಬರುವುದು ಯಾಕೆ?

ಪ್ಲಾನ್‌ಹಾಳೆ

ಹೊಗೆಯಲ್ಲಿದ್ದ ಡಾಂಬರು, ಲವಣ ಇಟ್ಟಿಗೆಗೆ ಇಳಿದು ಕೂತಿರುತ್ತವೆ. ಲವಣ ಗಾಳಿಯ ತೇವ ಎಳೆಯುತ್ತದೆ, ಕಲೆ ಬಣ್ಣದ ಮೇಲೆ ಮೂಡುತ್ತದೆ. ಬರೀ ಬಣ್ಣ ಬಳಿದರೆ ಒಂದೇ ಚಳಿಗಾಲಕ್ಕೆ ವಾಪಸು. ಮೊದಲು ಮೇಲೆ ಚಿಮಣಿ ಬಾಯಿಗೆ ಮಳೆ ತಡೆದು ಗಾಳಿ ಬಿಡುವ ಟೊಪ್ಪಿ ಹಾಕಿಸಿ, ಕೆಳಗೆ ಮುಚ್ಚಿದ ಒಲೆಬಾಯಿಯಲ್ಲಿ ಜಾಲರಿಯ ಕಿಂಡಿ ಬಿಡಿಸಿ, ಎರಡೂ ಇರಬೇಕು. ಚಿಮಣಿ ಗುಡಿಸಿಸಿ, ಒಳಗಿನ ಹಳೆ ಮಸಿ ಹೋಗಲಿ. ಅದು ಒಣಗಿದ ಮೇಲೆ ಕಲೆಯಾದ ಗಾರೆ ಕಿತ್ತು ಹೊಸದಾಗಿ ಮಾಡಿಸಿ. ಗಾರೆ ಹೊಸದು ಮಾಡಿ ಕಿಂಡಿ ಬಿಡದಿದ್ದರೆ ಖರ್ಚು ದಂಡ. ಇನ್ನು ಹಿತ್ತಲಿನ ಹಳೆ ಗೂಡು, ಶೆಡ್ಡಿನ ಮಾಡು ಬೂದು ಬಣ್ಣದ ಸಿಮೆಂಟು ಹಲಗೆಯದಾಗಿದ್ದರೆ ಆಸ್ಬೆಸ್ಟಾಸ್ ಪರೀಕ್ಷೆ ಮಾಡಿಸದೆ ತೂತು ಕೊರೆಯಬೇಡಿ, ಒಡೆಯಲೂಬೇಡಿ.